ಆರೋಪ, ವಿಚಾರಣೆ ಮತ್ತು ಕನ್ನಡ ಸಂಶೋಧನೆ: 2018ರ ನಿಯಮಾವಳಿಯ ಒಂದು ಪರಿಶೀಲನೆ

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರ ಜುಲೈ ತಿಂಗಳಲ್ಲಿ ಹೊರಡಿಸಿದ ಕೃತಿಚೌರ್ಯ ತಡೆ ನಿಯಮಾವಳಿಯನ್ನು ವಿಜ್ಞಾನಿಗಳಿಗೆ ಸಂಬಂಧಿಸಿದ್ದೆಂದು ಭಾವಿಸಿ ನಾವು ಬದಿಗಿಡುವಂತಿಲ್ಲ. ಕನ್ನಡದ ಮಾರ್ಗದರ್ಶಕರೂ ಪರೀಕ್ಷಕರೂ ಬೆರಳೆಣಿಕೆಯಷ್ಟಿರುವ ಹೊರನಾಡಿನಲ್ಲಿ ಇದರ ಪರಿಣಾಮ ಹೆಚ್ಚು.

ಆರೋಪವೆಂಬುದು ಯಾರ ಮೇಲೂ ಬರಬಹುದು. ಕೊಂಡಾಪುರಕ್ಕೆ ನೆರೆಯ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅಂದಿನ ಕುಲಪತಿಗಳ ಕೆಲವು ವಿಜ್ಞಾನ ಪ್ರಬಂಧಗಳಲ್ಲಿ ಪರರ ವಾಕ್ಯಗಳಿವೆಯೆಂಬ ಆರೋಪವು 2016ರಲ್ಲಿ ಪತ್ರಿಕೆಗಳಲ್ಲಿ ಬಂದಿತು. ಸಂಸ್ಥೆಯ ಮುಖ್ಯಸ್ಥರೇ ಆರೋಪಿತರಾದಾಗ ವಿಚಾರಿಸಬೇಕಾದವರು ಯಾರು? ಅಂಥ ದೂರನ್ನು ಸಂಸ್ಥೆಯ ನಿಯಂತ್ರಣಾಧಿಕಾರಿಯೇ ನೋಡಬೇಕೆಂದು 2018ರ ನಿಯಮಾವಳಿ ವಿಧಿಸಿತು. ತಪ್ಪು ನಿಸ್ಸಂಶಯವಾಗಿ ಸ್ಥಾಪಿತವಾಗಿ, ಮೇಲ್ಮನವಿಯ ದಾರಿಗಳೆಲ್ಲ ಮುಗಿದ ಬಳಿಕವೇ ಶಿಕ್ಷೆ ಎಂದೂ ಅದು ಹೇಳುತ್ತದೆ. ಇವೆರಡೂ ಸ್ವಾಗತಾರ್ಹ.

ಆದರೆ ಅದರ ಅಳತೆಗೋಲು ನಮಗೆ ಒಪ್ಪಿಗೆಯಾಗದು. ಸಾಮ್ಯವು ಶೇಕಡಾ 10ರವರೆಗಿದ್ದರೆ ದಂಡವಿಲ್ಲ. 10ರಿಂದ 40, 40ರಿಂದ 60, 60ಕ್ಕೆ ಮೇಲ್ಪಟ್ಟು ಎಂದು ಮೂರು ಹಂತಗಳು. ಸತತ 14 ಪದಗಳವರೆಗಿನ ಆಕಸ್ಮಿಕ ಸಾಮ್ಯಕ್ಕೆ ವಿನಾಯಿತಿಯಿದೆ. ಇಂಗ್ಲಿಷಿನಲ್ಲಿ ಬಿಡಿಪದಗಳಾಗಿ ನಿಲ್ಲುವ ಸಂಬಂಧಸೂಚಕಗಳು ಕನ್ನಡದಲ್ಲಿ ವಿಭಕ್ತಿಗಳಾಗಿ ಪದದೊಳಗೇ ಸೇರುತ್ತವೆ. ಆದುದರಿಂದ ಕನ್ನಡದ 14 ಪದಗಳು ಇಂಗ್ಲಿಷಿನ 14 ಪದಗಳಿಗಿಂತ ಹೆಚ್ಚು ಅರ್ಥವನ್ನು ಹೊರುತ್ತವೆ. ಪ್ರತ್ಯಯವೊಂದನ್ನು ಬದಲಿಸಿ, ಸಂಧಿಯೊಂದನ್ನು ಬಿಡಿಸಿದರೆ ಅಕ್ಷರಸಾಮ್ಯವೇ ತಪ್ಪಿಹೋಗಬಹುದು. ತೆಲುಗಿನ ಪ್ರಬಂಧವೊಂದರ ವಾದವನ್ನು ಹೆಸರೆತ್ತದೆ ಕನ್ನಡಿಸಿದರೆ ಸಾಮ್ಯ ಶೂನ್ಯ. ಅಪರಾಧ ಮಾತ್ರ ಪೂರ್ಣ. ಇನ್ನು, ಇಲ್ಲದ ಹಸ್ತಪ್ರತಿಯನ್ನೋ ಇಲ್ಲದ ವಕ್ತೃವನ್ನೋ ಸೃಷ್ಟಿಸಿದರೆ ಈ ದಂಡದ ಹಂತಗಳು ಅದನ್ನು ಮುಟ್ಟುವುದೇ ಇಲ್ಲ. ವಿಚಾರಣಾ ಸಮಿತಿಯಲ್ಲಿ ತಂತ್ರಾಂಶ ಬಲ್ಲವರೊಬ್ಬರಿರಬೇಕು. ಪ್ರಬಂಧದ ಭಾಷೆ ಬಲ್ಲವರಿರಬೇಕೆಂಬ ವಿಧಿ ಕಾಣದು.

ಇಲ್ಲಿ ನಮ್ಮ ಶಾಸನಶಾಸ್ತ್ರದ ಚರಿತ್ರೆ ಒಂದು ಪಾಠ ಹೇಳುತ್ತದೆ. ಗಂಗರ ಹಲವು ತಾಮ್ರಪಟಗಳು ಕೂಟವೆಂದು ಜೆ.ಎಫ್. ಫ್ಲೀಟ್ ವಾದಿಸಿದರು, ಬಿ.ಎಲ್. ರೈಸ್ ಅವುಗಳನ್ನು ಸಮರ್ಥಿಸಿದರು. ಆರೋಪವಿದ್ದುದು ಸಂಪಾದಕರ ಮೇಲಲ್ಲ, ಪಟಗಳ ಮೇಲೆ. ಲಿಪಿಯ ಕಾಲ, ತಿಥಿವಾರಗಳ ಹೊಂದಾಣಿಕೆ, ವಂಶಾವಳಿ ಇವೇ ಪರೀಕ್ಷೆಗಳು. ವಾದಪ್ರತಿವಾದಗಳು ಮುದ್ರಣದಲ್ಲಿ ಎಲ್ಲರ ಕಣ್ಣೆದುರು ನಡೆದವು. ಮುಂದೆ ಪೆನುಕೊಂಡೆಯ ತಾಮ್ರಪಟ ದೊರೆತಾಗ ಅದು ನೈಜವೆಂದು ಫ್ಲೀಟ್ ಅವರೇ 1915ರಲ್ಲಿ ಒಪ್ಪಿದರು. ಹಳೆಯ ಸಂದೇಹ ಹೊಸ ಪುರಾವೆಗೆ ಅಡ್ಡಬರಲಿಲ್ಲ. ಆರೋಪ ಮಾಡುವವರಿಗೂ ಒಂದು ನೀತಿಯುಂಟೆಂಬುದಕ್ಕೆ ಇದು ನಿದರ್ಶನ.

ಆದಕಾರಣ ನಮ್ಮ ಅಭಿಪ್ರಾಯವಿಷ್ಟು: ಶೇಕಡಾವಾರು ಅಂಕಿಯು ವಿಚಾರಣೆಯ ಆರಂಭವಾಗಬಹುದೇ ಹೊರತು ತೀರ್ಪಾಗಬಾರದು. ಸಮಿತಿಯಲ್ಲಿ ಪ್ರಬಂಧದ ಭಾಷೆಯನ್ನೂ ಆಕರಭಾಷೆಯನ್ನೂ ಬಲ್ಲವರಿರಬೇಕು. ಹೊರನಾಡಿನ ವಿಭಾಗಗಳು ಇದಕ್ಕಾಗಿ ಪರಸ್ಪರ ವಿದ್ವಾಂಸರನ್ನು ಒದಗಿಸಿಕೊಳ್ಳಬೇಕು. ದೂರು ಲಿಖಿತವಾಗಿರಲಿ, ಮೂಲ ಮತ್ತು ಪ್ರತಿ ಎದುರುಬದುರಾಗಿರಲಿ, ಉತ್ತರಕ್ಕೆ ಅವಕಾಶವಿರಲಿ. ನಿರ್ಣಯ ಏನೇ ಆದರೂ ಕಾರಣಗಳೊಡನೆ ಬರೆದಿಡಲ್ಪಡಲಿ. ನಿರ್ದೋಷಿಯೆಂದು ಕಂಡವರ ಹೆಸರನ್ನು ಉಳಿಸುವುದೂ ಸಂಶೋಧನೆಯ ಹೊಣೆಯೇ. ಹೊರನಾಡಿನ ಚಿಕ್ಕ ಬಳಗದಲ್ಲಿ ಒಮ್ಮೆ ಹೋದ ಹೆಸರು ಸುಲಭವಾಗಿ ಮರಳದು.