ತರಗತಿಯಲ್ಲಿ ತಂತ್ರಜ್ಞಾನ: ಗಡಿನಾಡ ಕನ್ನಡದ ದೃಷ್ಟಿಯಿಂದ

ಶಾಲೆಯ ತರಗತಿಗೆ ಅಂತರ್ಜಾಲ ಬೇಕೇ ಬೇಡವೇ ಎಂಬ ವಾದಕ್ಕೆ ಈಗ ಅರ್ಥ ಉಳಿದಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ತರಗತಿಯೇ ಮೊಬೈಲಿನೊಳಗೆ ಹೋಗಿ ಕುಳಿತಿತು. ಶಾಲೆಯ ಬಾಗಿಲು ತೆರೆದ ಮೇಲೂ ಮೊಬೈಲು ಮಕ್ಕಳ ಕೈಯನ್ನು ಬಿಡಲಿಲ್ಲ. ಆದುದರಿಂದ ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರಾದ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಆಗಿದೆ. ಆ ಯಂತ್ರವು ನಮ್ಮ ಮಗುವಿನೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತದೆ? ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ನೇಕಾರರ ಓಣಿಯಲ್ಲಿ ತೆಲುಗು ಕೇಳುತ್ತ ಬೆಳೆಯುವ ಮಗುವಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಮಾಢಾ ತಾಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಯ ಶಿಕ್ಷಕ ರಣಜಿತಸಿಂಹ ಡಿಸಲೆ ಅವರಿಗೆ 2020ರ ಡಿಸೆಂಬರಿನಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ದೊರೆಯಿತು. ಪ್ರಶಸ್ತಿಯ ಮೊತ್ತ 10 ಲಕ್ಷ ಡಾಲರು. ಅದರಲ್ಲಿ ಅರ್ಧವನ್ನು ಅವರು ಅಂತಿಮ ಸುತ್ತಿಗೆ ಬಂದಿದ್ದ ಉಳಿದ 9 ಶಿಕ್ಷಕರಿಗೆ ಹಂಚಿದರು. ಪಠ್ಯಪುಸ್ತಕದಲ್ಲಿ ಕ್ಯೂಆರ್ ಸಂಕೇತವನ್ನು ಅಳವಡಿಸಿದ ಗುರುಗಳೆಂದು ಎಲ್ಲೆಡೆ ಅವರ ಕೀರ್ತಿ ಹರಡಿತು. ಆದರೆ ಪ್ರಶಸ್ತಿಯ ಪ್ರಕಟಣೆಯಲ್ಲಿ ಇನ್ನೊಂದು ಮಾತಿತ್ತು. 2009ರಲ್ಲಿ ಅವರು ಆ ಶಾಲೆಗೆ ಬಂದಾಗ ಪಠ್ಯಗಳು ಮಕ್ಕಳ ಮಾತಾದ ಕನ್ನಡದಲ್ಲಿರಲಿಲ್ಲ. ಅವರು ಆ ಊರಿನಲ್ಲಿಯೇ ನೆಲೆಸಿ ಭಾಷೆಯನ್ನು ಕಲಿತು, 1ರಿಂದ 4ನೆಯ ತರಗತಿಯ ಪುಸ್ತಕಗಳನ್ನು ಮಕ್ಕಳಿಗೆ ತಿಳಿಯುವಂತೆ ಮರುರೂಪಿಸಿ, ಕನ್ನಡದ ಹಾಡು, ಕಥೆ, ಪಾಠಗಳನ್ನು ಸಂಕೇತಗಳ ಮೂಲಕ ಜೋಡಿಸಿದರು ಎಂಬುದೇ ಆ ಮಾತು. ಮಾಢಾ ತಾಲೂಕು ಅಕ್ಕಲಕೋಟೆಯಂತೆ ಕನ್ನಡದ ನೆಲೆಯೆಂದು ಹೆಸರಾದುದಲ್ಲ. ಅಲ್ಲಿಯ ಶಾಲೆಯ ಕುರಿತೇ ಜಗತ್ತು ಈ ಮಾತನ್ನು ಕೇಳಿತೆಂದರೆ ಕನ್ನಡಿಗರಾದ ನಾವು ಅದನ್ನು ಎರಡು ಸಲ ಓದಬೇಕಿತ್ತು.

ನಾಡಿನ ಹೊಗಳಿಕೆಯೆಲ್ಲ ಸಂಕೇತಕ್ಕೇ ಸಂದಿತು. ಇಲ್ಲಿಯೇ ನಮ್ಮ ತಕರಾರು. ಕಪ್ಪು ಬಿಳುಪು ಚೌಕಗಳ ಈ ಗುರುತನ್ನು ಜಪಾನಿನ ಡೆನ್ಸೊ ವೇವ್ ಕಂಪನಿಯವರು 1994ರಲ್ಲಿ ಮೋಟಾರಿನ ಬಿಡಿಭಾಗಗಳನ್ನು ಗುರುತಿಸಲೆಂದು ರೂಪಿಸಿದರು. ಪುಸ್ತಕದಲ್ಲಿ ಅಚ್ಚಾದಾಗ ಅದು ಬರಿಯ ಒಂದು ವಿಳಾಸ. ಮೊಬೈಲಿನ ಕ್ಯಾಮೆರಾ ಆ ವಿಳಾಸವನ್ನು ಓದಿ ಎಲ್ಲಿಯೋ ಇರಿಸಿದ ಪಾಠವನ್ನು ತೆರೆಯುತ್ತದೆ. ಆ ವಿಳಾಸದಲ್ಲಿ ಪಾಠವಿಲ್ಲದಿದ್ದರೆ, ಇದ್ದರೂ ಮಗುವಿಗೆ ತಿಳಿಯದ ಭಾಷೆಯಲ್ಲಿದ್ದರೆ, ಸಂಕೇತವು ಪುಟದ ಮೂಲೆಯ ಅಲಂಕಾರವಾಗಿ ಉಳಿಯುತ್ತದೆ. 2017ರ ಸಪ್ಟಂಬರ 5ರಂದು ಕೇಂದ್ರ ಸರಕಾರದ 'ದೀಕ್ಷಾ' ವೇದಿಕೆ ಆರಂಭವಾಯಿತು; ಕ್ರಮೇಣ ಮಹಾರಾಷ್ಟ್ರದ ಪಠ್ಯಪುಸ್ತಕಗಳಿಗೂ ಸಂಕೇತಗಳು ಬಂದವು. ಬಾಗಿಲುಗಳೇನೋ ಸಾಲುಸಾಲಾಗಿ ನಿಂತವು. ಒಳಗೆ ಕನ್ನಡದ ದೀಪ ಎಷ್ಟು ಕಡೆ ಉರಿಯುತ್ತಿದೆ ಎಂದು ನೋಡುವುದು ವಿಮರ್ಶಕನ ಕೆಲಸ.

ನಮ್ಮ ಕನ್ನಡ ಮಾಧ್ಯಮದ ಶಾಲೆಗಳಿಗೆ ಪುಸ್ತಕಗಳು ಪುಣೆಯ ಬಾಲಭಾರತಿಯಿಂದ ಬರುತ್ತವೆ. 1967ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯು ಮರಾಠಿಯೊಡನೆ ಕನ್ನಡದಲ್ಲಿಯೂ ಪುಸ್ತಕಗಳನ್ನು ಅಚ್ಚು ಮಾಡುತ್ತ ಬಂದಿರುವುದು ಸ್ಮರಣೀಯ. ಗಣಿತ, ವಿಜ್ಞಾನಗಳಂಥ ವಿಷಯಗಳಲ್ಲಿ ಕನ್ನಡದ ಪುಸ್ತಕವು ಅನುವಾದವಾಗಿ ಬರುತ್ತದೆ. ಅನುವಾದದಲ್ಲಿ ಅಪಾಯವಿರುವುದು ಕಠಿಣ ಶಬ್ದಗಳಲ್ಲಿ ಮಾತ್ರವಲ್ಲ, ಎರಡೂ ಭಾಷೆಗಳಲ್ಲಿ ಒಂದೇ ಮುಖ ಹೊತ್ತಿರುವ ಸಂಸ್ಕೃತ ಶಬ್ದಗಳಲ್ಲಿ. ಮರಾಠಿಯ ವಿಜ್ಞಾನ ಪಾಠದಲ್ಲಿ ಪ್ರಯೋಗದ ಕೊನೆಗೆ ಬರುವ 'ಅನುಮಾನ'ವೆಂದರೆ ತೀರ್ಮಾನ. ಕನ್ನಡದ ಮಗುವಿಗೆ ಅನುಮಾನವೆಂದರೆ ಸಂಶಯ. ಮರಾಠಿಯ 'ಅವಕಾಶಯಾನ'ವು ಬಾಹ್ಯಾಕಾಶ ನೌಕೆ. ನಮಗೆ ಅವಕಾಶವೆಂದರೆ ಸಿಕ್ಕಾಗ ಬಿಡಬಾರದ ಸಂಧಿ. ಎರಡು ಭಾಷೆ ಬಲ್ಲ ಶಿಕ್ಷಕ ಇಲ್ಲಿ ತಡೆದು ನಿಂತು ವಿವರಿಸುತ್ತಾನೆ. ಈಗ ಕ್ಷಣಾರ್ಧದಲ್ಲಿ ಭಾಷಾಂತರ ಮಾಡಿಕೊಡುವ ಯಂತ್ರಗಳು ಬಂದಿವೆ. ಅವು ಉಪಯುಕ್ತವೇ, ಆದರೆ ಯಂತ್ರವು ಶಬ್ದವನ್ನು ದಾಟಿಸಿದ ಮೇಲೆ ಅರ್ಥ ದಾಟಿತೋ ಇಲ್ಲವೋ ಎಂದು ಮಗುವಿನ ಮುಖವನ್ನು ನೋಡಿ ತಿಳಿಯುವವರು ಒಬ್ಬರು ಬೇಕು.

ಕರ್ನಾಟಕದಲ್ಲಿ ಸಿದ್ಧವಾದ ಪಾಠಗಳನ್ನೇ ಬಳಸಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಕೊರೋನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಬಂದ 'ಸೇತುಬಂಧ', 'ಸಂವೇದ' ಪಾಠಗಳಿಗೆ ರಾಜ್ಯದ ಗಡಿ ಅಡ್ಡಿಯಾಗಲಿಲ್ಲ. ಆದರೆ ಭಾಷೆ ಒಂದಾದರೂ ಪಠ್ಯಕ್ರಮ ಒಂದಲ್ಲ. ನಮ್ಮ ಮಗು 4ನೆಯ ತರಗತಿಯಲ್ಲಿ ಶಿವಾಜಿ ಮಹಾರಾಜರ ಚರಿತ್ರೆಯನ್ನು ಓದುತ್ತದೆ. 10ನೆಯ ತರಗತಿಯ ಪರೀಕ್ಷೆಯನ್ನು ಮಹಾರಾಷ್ಟ್ರ ಮಂಡಳಿಗೆ ಬರೆಯುತ್ತದೆ. ಬೆಂಗಳೂರಿನ ಪಾಠ ಈ ಮಗುವಿಗೆ ಅಣ್ಣನ ಅಂಗಿಯಿದ್ದಂತೆ: ಬಟ್ಟೆ ನಮ್ಮದೇ, ಅಳತೆ ನಮ್ಮದಲ್ಲ.

ಭಾಷೆ, ಸಾಹಿತ್ಯಗಳ ಪಾಠಕ್ಕೆ ಮಾತ್ರ ಈ ತೊಡಕಿಲ್ಲ. ಇಲ್ಲಿ ಅಂತರ್ಜಾಲವು ನಮಗೆ ನಿಜವಾದ ಭಾಗ್ಯವನ್ನು ತಂದಿದೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ, 'ಕಪಿಲಸಿದ್ಧಮಲ್ಲಿಕಾರ್ಜುನ' ಅಂಕಿತದಲ್ಲಿ ವಚನ ರಚಿಸಿದ ಸಿದ್ಧರಾಮೇಶ್ವರರು ನಮ್ಮ ಊರಿನವರು. ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜದ ಮುಂದೆ ಹೋಗುವ ಮಗುವಿಗೆ ಆ ಸಿದ್ಧರಾಮರು ಕನ್ನಡದ ಕವಿಯೂ ಹೌದೆಂಬುದು ಗೊತ್ತಿರುವುದಿಲ್ಲ. ಹಿಂದೆ ಅವರ ವಚನಗಳನ್ನು ಓದಬೇಕೆಂದರೆ ದೊಡ್ಡ ಗ್ರಂಥಾಲಯಗಳನ್ನು ಅರಸಬೇಕಿತ್ತು. ಇಂದು 'ವಚನ ಸಂಚಯ'ವೆಂಬ ಜಾಲತಾಣದಲ್ಲಿ 'ಕೆರೆ' ಎಂದು ಬರೆದರೆ ಆ ಶಬ್ದ ಬಂದ ವಚನಗಳು ಒಟ್ಟಿಗೆ ಕಣ್ಣೆದುರು ನಿಲ್ಲುತ್ತವೆ. 7ನೆಯ ತರಗತಿಯ ಮಕ್ಕಳನ್ನು ಸಿದ್ಧೇಶ್ವರ ಕೆರೆಯ ದಂಡೆಗೆ ಕರೆದೊಯ್ದು, ಒಂದು ಮೊಬೈಲಿನಲ್ಲಿ ಆ ವಚನಗಳನ್ನು ತೆರೆದು, ನೀರಿನ ಮುಂದೆ ನಿಂತು ಗಟ್ಟಿಯಾಗಿ ಓದಿಸಿದರೆ ಅದಕ್ಕಿಂತ ಮಿಗಿಲಾದ 'ಡಿಜಿಟಲ್ ತರಗತಿ' ಯಾವುದಿದೆ? ಇದಕ್ಕೆ ಲಕ್ಷ ರೂಪಾಯಿಯ ಫಲಕ ಬೇಕಾಗಿಲ್ಲ. ಮೊದಲು ತಾನು ಓದಿಕೊಂಡು ಬಂದ ಗುರು ಬೇಕು.

ಆಕ್ಷೇಪಗಳನ್ನು ನಾವು ಬದಿಗೊತ್ತುವುದಿಲ್ಲ. ಅನೇಕ ಮನೆಗಳಲ್ಲಿ ಇರುವುದು ಒಂದೇ ಮೊಬೈಲು; ಅದು ಬೆಳಿಗ್ಗೆ ತಂದೆಯೊಡನೆ ಕೆಲಸಕ್ಕೆ ಹೋಗುತ್ತದೆ. ಸಂಜೆ ಮಗುವಿನ ಕೈಗೆ ಬಂದಾಗ ಪಾಠಕ್ಕಿಂತ ಆಟವೇ ಮೊದಲು ತೆರೆಯುತ್ತದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ರೂಢಿ ಬೆಳೆದು ಒತ್ತಕ್ಷರಗಳು ಕೈತಪ್ಪುತ್ತಿವೆ. ಇವೆಲ್ಲ ನಿಜ. ಆದರೆ ಇವುಗಳಿಗೆ ಹೆದರಿ ಕನ್ನಡ ಶಾಲೆಯು ಅಂತರ್ಜಾಲವನ್ನು ಹೊರಗಿಟ್ಟರೆ ಮಗು ಅಂತರ್ಜಾಲವನ್ನು ಬಿಡುವುದಿಲ್ಲ, ಕನ್ನಡವನ್ನು ಬಿಡುತ್ತದೆ. ಜ್ಞಾನವಿರುವುದು ಬೇರೆ ಭಾಷೆಯಲ್ಲಿ, ಕನ್ನಡವೇನಿದ್ದರೂ ಅಜ್ಜಿಯೊಡನೆ ಆಡುವ ಮಾತು ಎಂದು ಅದು ತಾನಾಗಿಯೇ ತೀರ್ಮಾನಿಸುತ್ತದೆ. ಕನ್ನಡ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿಯುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಡ.

ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಶಾಲೆಯಲ್ಲಿ ಕಲಿತದ್ದು ಮರಾಠಿ. ಆದರೂ ಅವರು ಕನ್ನಡದಲ್ಲಿ ಸಿದ್ಧರಾಮರ ಪುರಾಣವನ್ನು ಬರೆದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. ಅವರು ಒಲಿಸಿಕೊಂಡದ್ದು ತ್ರಿಪದಿಯನ್ನು. ಅದು ನಮ್ಮ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಹಾಡಿಕೊಂಡು ಬಂದ ಛಂದಸ್ಸು. ಭಾಷೆ ಮೊದಲು ಕಿವಿಯಿಂದ ಬರುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲಿ ಬೇರೆ ಸಾಕ್ಷಿ ಬೇಡ. ಆ ಬೀಸುಕಲ್ಲು ಇಂದು ಮನೆಗಳಲ್ಲಿಲ್ಲ. ಧ್ವನಿಯನ್ನು ಹಿಡಿದಿಡುವ ಯಂತ್ರ ಮಾತ್ರ ಪ್ರತಿಯೊಬ್ಬರ ಜೇಬಿನಲ್ಲಿದೆ.

ಆದ್ದರಿಂದ ಸಂಘದ ಸದಸ್ಯರಲ್ಲಿ ನಮ್ಮದೊಂದು ಬಿನ್ನಹ. ನಿವೃತ್ತ ಶಿಕ್ಷಕರು ಬಾಲಭಾರತಿಯ ಕನ್ನಡ ಪುಸ್ತಕದ ಒಂದೊಂದು ಪದ್ಯವನ್ನು, ಒಂದೊಂದು ಗಣಿತವನ್ನು ನಮ್ಮ ಭಾಗದ ಮಾತಿನಲ್ಲಿ ವಿವರಿಸಿ ಧ್ವನಿಮುದ್ರಿಸಲಿ. ಮನೆಯ ಹಿರಿಯ ಹೆಣ್ಣುಮಕ್ಕಳು ತಮಗೆ ಬರುವ ಹಾಡುಗಳನ್ನು ಹಾಡಲಿ. ಕಂಪ್ಯೂಟರ್ ಬಲ್ಲ ತರುಣರು ಅವನ್ನು ಒಂದೆಡೆ ಇರಿಸಿ ಸಂಕೇತಗಳನ್ನು ಸಿದ್ಧಪಡಿಸಲಿ. ಅದು ಅವರಿಗೆ ಅರ್ಧ ದಿನದ ಕೆಲಸ. ಅಂತರ್ಜಾಲ ಸಿಗದ ಊರಿನ ಶಾಲೆಗೆ ಅದೇ ಪಾಠಗಳನ್ನು ಚಿಕ್ಕ ಮೆಮೊರಿ ಕಾರ್ಡಿನಲ್ಲಿ ತುಂಬಿ ಕೊಡಬಹುದು. ಈ ಕೆಲಸಕ್ಕೆ ಯಾವ ಸರಕಾರದ ಆದೇಶವೂ ಬೇಕಾಗಿಲ್ಲ. ಪರಿತೇವಾಡಿಯಲ್ಲಿ ಇಂಥ ಕೆಲಸ ಆರಂಭವಾದುದು ಒಬ್ಬ ಶಿಕ್ಷಕರಿಂದ, ಅದೂ ಕನ್ನಡವನ್ನು ಹೊಸದಾಗಿ ಕಲಿತವರಿಂದ. ಹುಟ್ಟಿನಿಂದಲೇ ಕನ್ನಡ ಬಲ್ಲ ನಮಗೆ ಅದು ಭಾರವಾಗಲಾರದು. ಮುಂದಿನ ಜೂನಿನಲ್ಲಿ ಶಾಲೆ ತೆರೆಯುವಷ್ಟರಲ್ಲಿ 1ನೆಯ ತರಗತಿಯ ಒಂದು ಪುಸ್ತಕವಾದರೂ ಹೀಗೆ ಸಿದ್ಧವಾಗಲಿ.