ಮಹಾನಗರದಲ್ಲಿ ನಾಟಕದ ಓದು

ಪರದೇಶದ ದೊಡ್ಡ ನಗರದಲ್ಲಿ ನಾಟಕವನ್ನೇ ವಿಷಯವಾಗಿ ಹಿಡಿದು ಸ್ನಾತಕೋತ್ತರ ಪದವಿ ಓದುವುದು ಕನ್ನಡಿಗರಲ್ಲಿ ಇನ್ನೂ ಅಪರೂಪ. ಲಂಡನ್, ನ್ಯೂಯಾರ್ಕ್‌ನಂಥ ಕಡೆ ಈ ಓದಿಗೆ ಹಲವು ಕವಲುಗಳಿವೆ: ನಟನೆ, ನಿರ್ದೇಶನ, ರಂಗವಿನ್ಯಾಸ, ನಾಟಕ ರಚನೆ, ಪ್ರದರ್ಶನ ಅಧ್ಯಯನ. ಬ್ರಿಟನ್ನಿನ ಎಂ.ಎ. ಸಾಮಾನ್ಯವಾಗಿ ಒಂದೇ ವರ್ಷದ್ದು, ಅಮೆರಿಕದ ಎಂ.ಎಫ್.ಎ. ಎರಡು ಮೂರು ವರ್ಷದ್ದು. ಒಂದು ವರ್ಷದ ಓದಾದರೆ, ಅಲ್ಲಿಯ ಚಳಿಗೂ ಮಾತಿನ ಧಾಟಿಗೂ ಒಗ್ಗಿಕೊಳ್ಳುವಷ್ಟರಲ್ಲಿ ಮೊದಲ ಅವಧಿಯೇ ಮುಗಿದಿರುತ್ತದೆ. ಹೋಗುವ ಮೊದಲೇ ರಂಗದ ಮೇಲೆ ಸಾಕಷ್ಟು ಬೆವರು ಸುರಿಸಿದವರಿಗೇ ಈ ಓದು ದಕ್ಕುವುದು.

ಕನ್ನಡ ನಾಟಕದ ಹಿರಿಯರಲ್ಲಿ ಇಬ್ಬರು ಲಂಡನ್ನಿಗೆ ಹೋದದ್ದು ನಾಟಕ ಕಲಿಯಲು ಅಲ್ಲವೇ ಅಲ್ಲ. ಟಿ.ಪಿ. ಕೈಲಾಸಂ ಓದಿದ್ದು ಭೂವಿಜ್ಞಾನ, ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿ. ಅಲ್ಲಿದ್ದಷ್ಟು ದಿನ ಅವರ ಸಂಜೆಗಳು ರಂಗಮಂದಿರಗಳಿಗೆ ಮೀಸಲಾಗಿದ್ದವು. 1915ರಲ್ಲಿ ಮರಳಿ ಬಂದವರು ರಂಗದ ಮೇಲೆ ತಂದದ್ದು ಬೆಂಗಳೂರು, ಮೈಸೂರಿನ ನಡುಮನೆಯನ್ನು, ಅಲ್ಲಿ ಜನ ನಿಜವಾಗಿ ಆಡುತ್ತಿದ್ದ ಇಂಗ್ಲಿಷ್ ಬೆರೆತ ಕನ್ನಡವನ್ನು. ಕಂಪನಿ ನಾಟಕದ ಅರಮನೆ, ಉದ್ಯಾನವನದ ಪರದೆಗಳ ಜಾಗದಲ್ಲಿ ಕುರ್ಚಿ, ಮೇಜು ಬಂದವು. ಎರಡನೆಯವರು ಆದ್ಯ ರಂಗಾಚಾರ್ಯರು, ಎಂದರೆ ಶ್ರೀರಂಗರು. ವಿಜಯಪುರ ಸೀಮೆಯ ಅಗರಖೇಡದ ಈ ಮನುಷ್ಯ 1920ರ ದಶಕದಲ್ಲಿ ಲಂಡನ್ನಿನಲ್ಲಿ ಸಂಸ್ಕೃತದ ಎಂ.ಎ. ಮಾಡಿ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಪಾಠ ಹೇಳುತ್ತ, ಹವ್ಯಾಸಿ ರಂಗಭೂಮಿಗೆ ನಾಟಕಗಳನ್ನು ಬರೆದುಕೊಟ್ಟರು. ಪಶ್ಚಿಮದ ರಂಗವನ್ನು ಬಲ್ಲ ಅವರೇ ಭರತನ ನಾಟ್ಯಶಾಸ್ತ್ರವನ್ನು ಅನುವಾದಿಸಿದರು ಎಂಬುದು ಗಮನಿಸಬೇಕಾದ ಸಂಗತಿ.

ರಂಗಭೂಮಿಯನ್ನೇ ಓದಲು ಹೋದವರಲ್ಲಿ ಮುಖ್ಯವಾಗಿ ಕಾಣುವುದು ಕೆ.ವಿ. ಅಕ್ಷರ. ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯ ಅಂಗಳದಲ್ಲಿ ಬೆಳೆದು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತರಬೇತಿ ಪಡೆದು, ಆಮೇಲೆ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿ ಅದೇ ಹೆಗ್ಗೋಡಿಗೆ ಮರಳಿದರು. ನೈಜೀರಿಯಾದ ನಾಟಕಕಾರ ವೋಲೆ ಸೋಯಿಂಕಾ, ಕೀನ್ಯಾದ ಬರಹಗಾರ ಗೂಗಿ ಓದಿದ್ದೂ ಲೀಡ್ಸ್‌ನಲ್ಲಿಯೇ. ಮೊದಲು ಊರು, ಆಮೇಲೆ ದೇಶದ ರಾಜಧಾನಿ, ಆಮೇಲೆ ಕಡಲಾಚೆ ಎಂಬ ಅಕ್ಷರರ ಈ ಕ್ರಮ ಇಂದಿಗೂ ಒಳ್ಳೆಯ ಕ್ರಮವೇ.

ರಾಯಚೂರು ಸೀಮೆಯ ಗಿಲ್ಲೆಸುಗೂರು, ದೇವದುರ್ಗ, ಮಾನ್ವಿ ಕಡೆಯ ಹುಡುಗ ಹುಡುಗಿಯರಿಗೂ ದಾರಿ ಹೀಗೆಯೇ ಸಾಗಬೇಕು. ಇಲ್ಲಿ ಮೊದಲ ಪಾಠ ಜಾತ್ರೆಯ ಸಾಮಾಜಿಕ ನಾಟಕದ್ದು, ದೊಡ್ಡಾಟದ್ದು. ಸುಗ್ಗಿ ಮುಗಿದ ಮೇಲೆ ರಾತ್ರಿ ತಾಲೀಮು ಶುರುವಾಗುತ್ತದೆ; ಪೇಟಿ ಮಾಸ್ತರು ಹಾಡು ಹಿಡಿಸುತ್ತಾರೆ, ನಾಟಕದ ಮಾಸ್ತರು ಮಾತು ಬಾಯಿಪಾಠ ಮಾಡಿಸುತ್ತಾರೆ, ಸೀನರಿಯನ್ನು ಬಾಡಿಗೆಗೆ ತರುತ್ತಾರೆ. ರಾಯಚೂರಿನ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರಕ್ಕೆ ಬರುವ ಆಧುನಿಕ ನಾಟಕಗಳು ಎರಡನೇ ಪಾಠ. ಅಲ್ಲಿಂದ ಮುಂದೆ ಹೆಗ್ಗೋಡಿನಲ್ಲಿ 1980ರಲ್ಲಿ ಶುರುವಾದ ನೀನಾಸಂ ರಂಗಶಿಕ್ಷಣ ಕೇಂದ್ರವಿದೆ. ರಾಯಚೂರಿಗೆ ಹತ್ತಿರದ ಮಹಾನಗರವೆಂದರೆ ಹೈದರಾಬಾದ್; ಅಲ್ಲಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ರಂಗಕಲೆಯ ಸ್ನಾತಕೋತ್ತರ ಪದವಿಯೇ ಇದೆ. ಇಷ್ಟು ಹತ್ತಿರದ ಬಾಗಿಲನ್ನು ಈ ಸೀಮೆಯ ಮಕ್ಕಳು ಇನ್ನೂ ಹೆಚ್ಚು ತಟ್ಟಬೇಕು.

ದೆಹಲಿಯ ನಾಟಕ ಶಾಲೆ ಶುರುವಾದದ್ದು 1959ರಲ್ಲಿ. ಪದವೀಧರರಾಗಿರಬೇಕು, ಕನಿಷ್ಠ ಆರು ನಾಟಕಗಳಲ್ಲಿ ದುಡಿದಿರಬೇಕು, ಹಿಂದಿ, ಇಂಗ್ಲಿಷ್ ಬರಬೇಕು ಎಂಬುದು ಅಲ್ಲಿಯ ನಿಯಮ. ಓದು ಮೂರು ವರ್ಷದ್ದು. ಗುಬ್ಬಿ ಕಂಪನಿಯಲ್ಲಿ ಹುಡುಗನಾಗಿ ಪಾರ್ಟು ಮಾಡಿದ್ದ ಬಿ.ವಿ. ಕಾರಂತರು ಕಾಶಿಯಲ್ಲಿ ಹಿಂದಿ ಎಂ.ಎ. ಮುಗಿಸಿ ಈ ಶಾಲೆ ಸೇರಿದರು; 1977ರಲ್ಲಿ ಅದರ ನಿರ್ದೇಶಕರೇ ಆದರು. ಅವರಿಗೆ ಮೊದಲು ಆ ಪೀಠದಲ್ಲಿದ್ದ ಇಬ್ರಾಹಿಂ ಅಲ್ಕಾಜಿ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್‌ನಲ್ಲಿ ಕಲಿತವರು. ದೆಹಲಿಗೆ ಹೋದ ಕನ್ನಡದ ಮಕ್ಕಳು ಬಿ. ಜಯಶ್ರೀ, ಪ್ರಸನ್ನ ಮೊದಲಾದವರಿಗೆ ಲಂಡನ್ನಿನ ಶಿಸ್ತು ಹೀಗೆ ಅಲ್ಕಾಜಿಯವರ ಕೈಯಿಂದಲೇ ಸಿಕ್ಕಿತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಓಣಿಯಲ್ಲಿ ದಖನಿ ಕೇಳಿ ಬೆಳೆದ ರಾಯಚೂರಿನವರಿಗೆ ಹೈದರಾಬಾದ್, ದೆಹಲಿ ಎರಡರಲ್ಲೂ ನಾಲಿಗೆ ತಡವರಿಸುವುದು ಕಡಿಮೆ.

ಇನ್ನು ಕಡಲಾಚೆಯ ಖರ್ಚು. ವಿದೇಶಿ ವಿದ್ಯಾರ್ಥಿಗೆ ಲಂಡನ್ನಿನ ನಾಟಕದ ಎಂ.ಎ. ಶುಲ್ಕ ಸಾಮಾನ್ಯವಾಗಿ 20 ಸಾವಿರ ಪೌಂಡು ದಾಟುತ್ತದೆ. ನ್ಯೂಯಾರ್ಕಿನ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಹೆಚ್ಚು. ಬ್ರಿಟನ್ನಿನ ವೀಸಾಕ್ಕೆ ಶುಲ್ಕದ ಜೊತೆ 9 ತಿಂಗಳ ಊಟ, ಬಾಡಿಗೆಯ ಹಣ ಬ್ಯಾಂಕಿನಲ್ಲಿ 28 ದಿನ ಕದಲದೆ ಇರಬೇಕು. ಅಮೆರಿಕದಲ್ಲಿ ಒಂದು ದೊಡ್ಡ ವಿನಾಯಿತಿ ಇದೆ: ಯೇಲ್ ವಿಶ್ವವಿದ್ಯಾಲಯದ ನಾಟಕ ಶಾಲೆ 2021ರಿಂದ ಬೋಧನಾ ಶುಲ್ಕವನ್ನೇ ತೆಗೆದುಹಾಕಿದೆ. ಆದರೆ ಸೀಟು ಸಿಗುವುದು ಬಹಳ ಕಷ್ಟ. ಪರಿಶಿಷ್ಟ ಜಾತಿ, ಪಂಗಡದವರಿಗೆ ವಿದೇಶದ ಓದಿಗೆ ನೆರವಾಗುವ ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆ ಇದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಮಾತ್ರ 2022ರಲ್ಲಿ ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸದ ವಿಷಯಗಳನ್ನು ಕೈಬಿಟ್ಟಿತು. ದೊಡ್ಡಾಟದ ಮನೆತನದ ಮಗಳೊಬ್ಬಳು ದೊಡ್ಡಾಟದ ಮೇಲೆಯೇ ಲಂಡನ್ನಿನಲ್ಲಿ ಸಂಶೋಧನೆ ಮಾಡುತ್ತೇನೆಂದರೆ ಆ ನಿಯಮ ಅಡ್ಡ ನಿಲ್ಲುತ್ತದೆ. ಇದು ನೋವಿನ ಮಾತು. ಈ ನಿಯಮ ಬದಲಾಗಬೇಕು.

ಓದಿನ ಜೊತೆ ದುಡಿಮೆಗೂ ಮಿತಿ ಇದೆ. ಬ್ರಿಟನ್ನಿನಲ್ಲಿ ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಹೋಟೆಲಿನಲ್ಲಿ ತಟ್ಟೆ ತೊಳೆಯಬಹುದು, ಅಂಗಡಿಯ ಗಲ್ಲಾದಲ್ಲಿ ಕೂರಬಹುದು. ವೃತ್ತಿ ಕಲಾವಿದರಾಗಿ ಸಂಬಳಕ್ಕೆ ನಟಿಸುವಂತಿಲ್ಲ. ಕಲಿಯಲು ಹೋದ ಕಸುಬಿನಲ್ಲಿಯೇ ಅಲ್ಲಿ ಸಂಪಾದನೆ ಆಗುವುದಿಲ್ಲ ಎಂಬುದನ್ನು ಹೊರಡುವ ಮೊದಲೇ ತಿಳಿದಿರುವುದು ಕ್ಷೇಮ.

ದಿನದ ಓದು ಬೆಳಿಗ್ಗೆ ಮೈ, ಧ್ವನಿಯ ಅಭ್ಯಾಸದಿಂದ ಶುರುವಾಗುತ್ತದೆ. ಮಧ್ಯಾಹ್ನ ಪಠ್ಯದ ಚರ್ಚೆ, ಆಮೇಲೆ ತಾಲೀಮು. ಇಲ್ಲಿಂದ ಹೋದವರು ಹೊಸದಾಗಿ ಕಲಿಯುವುದರಲ್ಲಿ ದೊಡ್ಡದು ಪ್ರಾಂಪ್ಟ್ ಬುಕ್. ದಪ್ಪ ಫೈಲಿನ ಒಂದು ಪುಟದಲ್ಲಿ ನಾಟಕದ ಮಾತು, ಎದುರಿನ ಪುಟದಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ನಡೆ: ಯಾರು ಯಾವ ಕಡೆಯಿಂದ ಬಂದರು, ಯಾವ ಶಬ್ದಕ್ಕೆ ತಿರುಗಿದರು, ಯಾವ ಅಕ್ಷರದ ಮೇಲೆ ಬೆಳಕು ಇಳಿಯಿತು. ಬೆಳಕಿನ ಸೂಚನೆಗೆ ‘ಎಲ್‌ಎಕ್ಸ್’ ಎಂದು ಹೆಸರು. ರಂಗನಿರ್ವಾಹಕ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ‘ಎಲ್‌ಎಕ್ಸ್ 14, ಸ್ಟ್ಯಾಂಡ್‌ಬೈ’ ಎನ್ನುತ್ತಾನೆ. ‘ಗೋ’ ಎಂದ ಮೇಲೆಯೇ ದೀಪದವನ ಬೆರಳು ಗುಂಡಿ ಒತ್ತಬೇಕು. ಆ ಶಬ್ದವನ್ನು ಆ ಹೊತ್ತಿನಲ್ಲಿ ಬೇರೆ ಯಾವ ಮಾತಿಗೂ ಬಳಸುವಂತಿಲ್ಲ. ಹಳ್ಳಿಯ ಮಾಸ್ತರಿಗೆ ಈ ಸೂಚನೆಗಳೆಲ್ಲ ತಲೆಯಲ್ಲೇ ಇರುತ್ತವೆ. ಪೇಟಿಯ ಒಂದು ಸ್ವರಕ್ಕೆ ಪರದೆ ಮೇಲೇಳುತ್ತದೆ. ಆದರೆ ಮಾಸ್ತರು ಹೋದರೆ ನಾಟಕವೂ ಅವರ ಜೊತೆ ಹೋಗುತ್ತದೆ. ಬರೆದಿಟ್ಟುಕೊಳ್ಳುವ ಈ ಪದ್ಧತಿ ಒಂದನ್ನೇ ಕಲಿತು ಬಂದರೂ ರಾಯಚೂರು ಸೀಮೆಯ ದೊಡ್ಡಾಟಕ್ಕೆ ಬಹಳ ಉಪಕಾರವಾದೀತು.

ತರಗತಿಯಷ್ಟೇ ಮುಖ್ಯವಾದದ್ದು ಸಂಜೆಯ ನಾಟಕ. ವಾರದ ಖರ್ಚಿನಲ್ಲಿ ಟಿಕೆಟಿನ ಹಣವನ್ನು ಮೊದಲು ಎತ್ತಿಟ್ಟು, ಉಳಿದದ್ದರಲ್ಲಿ ಅಡುಗೆ ಮಾಡಿಕೊಳ್ಳುವವರೇ ಜಾಣರು. ಥೇಮ್ಸ್ ದಂಡೆಯ ಶೇಕ್ಸ್‌ಪಿಯರ್ಸ್ ಗ್ಲೋಬ್‌ನ ಅಂಗಳದಲ್ಲಿ ಸುಮಾರು 700 ಜನ ನಿಂತು ನೋಡುವ ವ್ಯವಸ್ಥೆ ಇದೆ. ಟಿಕೆಟು 5 ಪೌಂಡಿನಿಂದ ಶುರು. ಮೇಲೆ ಸೂರಿಲ್ಲ, ಮಳೆ ಬಂದರೆ ಕೊಡೆ ಬಿಚ್ಚುವಂತಿಲ್ಲ. ಬೆಳತನಕ ಬಯಲಾಟ ನೋಡಿದ ಕಾಲುಗಳಿಗೆ ಆ ಮೂರು ಗಂಟೆ ಭಾರವಾಗದು. ನ್ಯೂಯಾರ್ಕಿನಲ್ಲಿ ಸೆಂಟ್ರಲ್ ಪಾರ್ಕಿನ ಡೆಲಾಕೋರ್ಟ್ ಬಯಲು ರಂಗಮಂದಿರ 1962ರಿಂದ ಬೇಸಿಗೆಯಲ್ಲಿ ಶೇಕ್ಸ್‌ಪಿಯರ್ ನಾಟಕಗಳನ್ನು ಪುಕ್ಕಟೆ ತೋರಿಸುತ್ತ ಬಂದಿದೆ. ಟೈಮ್ಸ್ ಸ್ಕ್ವೇರಿನ ಟಿಕೆಟ್ ಕೌಂಟರಿನಲ್ಲಿ ಬೇರೆ ನಾಟಕಗಳ ಅದೇ ದಿನದ ಟಿಕೆಟು ಅಗ್ಗಕ್ಕೆ ಸಿಗುತ್ತದೆ.

ಮುಗಿದುಹೋದ ನಾಟಕಗಳನ್ನು ನೋಡಲೂ ಜಾಗಗಳಿವೆ. ನ್ಯೂಯಾರ್ಕಿನ ಲಿಂಕನ್ ಸೆಂಟರಿನ ಸಾರ್ವಜನಿಕ ಗ್ರಂಥಾಲಯ 1970ರಿಂದ ನಾಟಕಗಳನ್ನು ಚಿತ್ರೀಕರಿಸಿ ಇಟ್ಟಿದೆ. ಲಂಡನ್ನಿನ ನ್ಯಾಷನಲ್ ಥಿಯೇಟರ್ ತನ್ನ ಪ್ರದರ್ಶನಗಳ ಚಿತ್ರೀಕರಣಗಳನ್ನೂ ಪ್ರಾಂಪ್ಟ್ ಬುಕ್‌ಗಳನ್ನೂ ವಾಟರ್‌ಲೂ ಬಳಿಯ ದಾಖಲೆ ಕೋಣೆಯಲ್ಲಿ ಕಾಪಾಡಿದೆ. ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋದರೆ ಕಾಸಿಲ್ಲದೆ ಕೂತು ನೋಡಬಹುದು. ಒಂದೇ ದೃಶ್ಯವನ್ನು ನಿಲ್ಲಿಸಿ, ಹಿಂದೆ ಸರಿಸಿ, ಪ್ರಾಂಪ್ಟ್ ಬುಕ್ಕಿನ ಗುರುತುಗಳ ಜೊತೆ ಹೋಲಿಸಿ ನೋಡುವ ಈ ಅನುಕೂಲ ನಾಟಕದ ವಿದ್ಯಾರ್ಥಿಗೆ ಬೇರೆಡೆ ಸುಲಭಕ್ಕೆ ಸಿಗದು. ಒಂದು ವರ್ಷದ ಓದಿನಲ್ಲಿ ಇದಕ್ಕಾಗಿ ವಾರಕ್ಕೊಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳುವುದು ಮೊದಲ ತಿಂಗಳಿನಿಂದಲೇ ಶುರುವಾಗಬೇಕು. ಪರೀಕ್ಷೆಯ ನಾಟಕ ಹತ್ತಿರ ಬಂದ ಮೇಲೆ ಅದಕ್ಕೆ ಪುರುಸೊತ್ತು ಇರುವುದಿಲ್ಲ.