ಒಂದಾಗಿ ಹೊರಟು ಎರಡಾಗುವ ರೈಲು

ಜರ್ಮನಿಯ ಮ್ಯೂನಿಕ್ ನಗರದ ಎಸ್-ಬಾನ್ ಉಪನಗರ ರೈಲುಗಳಲ್ಲಿ ಎಸ್1 ಮಾರ್ಗದ ಸೊಗಸೇ ಬೇರೆ. ಊರಿನಿಂದ ಒಂದೇ ರೈಲಾಗಿ ಹೊರಡುವ ಇದು ನಾಯ್‌ಫಾರ್ನ್ ನಿಲ್ದಾಣದಲ್ಲಿ ಎರಡಾಗುತ್ತದೆ. ಮುಂದಿನ ಭಾಗ ಫ್ರೈಸಿಂಗ್ ಪಟ್ಟಣಕ್ಕೆ, ಹಿಂದಿನ ಭಾಗ ವಿಮಾನ ನಿಲ್ದಾಣಕ್ಕೆ. ಮರಳುವಾಗ ಎರಡೂ ಅಲ್ಲೇ ಕೂಡಿಕೊಂಡು ನಗರದತ್ತ ಸಾಗುತ್ತವೆ.

ಇದರ ಹಿಂದಿನ ಲೆಕ್ಕಾಚಾರ ಮೆಚ್ಚುವಂಥದ್ದು. 1972ರಲ್ಲಿ ತೆರೆದ ನಗರಮಧ್ಯದ ಸುರಂಗದಲ್ಲಿ ಹೆಚ್ಚುಕಡಿಮೆ ಎಲ್ಲ ಎಸ್-ಬಾನ್ ಮಾರ್ಗಗಳೂ ಒಂದೇ ಜೋಡಿ ಹಳಿಯ ಮೇಲೆ ಓಡಬೇಕು. ಒಂದು ದಿಕ್ಕಿನಲ್ಲಿ ಗಂಟೆಗೆ ಸುಮಾರು 30 ರೈಲುಗಳಿಗಷ್ಟೇ ಜಾಗ. ಅಂಥಲ್ಲಿ ಒಂದೇ ಸರದಿ ಬಳಸಿ ಎರಡು ಊರುಗಳಿಗೆ ನೇರ ರೈಲು ಕೊಡುವುದು ಎಂಥ ಜಾಣತನ! ಪ್ರಯಾಣಿಕರು ರೈಲು ಬದಲಿಸಬೇಕಿಲ್ಲ; ಜನ ಕಡಿಮೆಯಿರುವ ಕವಲಿನಲ್ಲಿ ಖಾಲಿ ಬೋಗಿಗಳನ್ನು ಎಳೆಯಬೇಕಿಲ್ಲ.

ರೈಲನ್ನು ಹೀಗೆ ಬೇರ್ಪಡಿಸಿ ಕೂಡಿಸುವುದನ್ನು ಸಾಧ್ಯವಾಗಿಸಿದ್ದು ಎಂಜಿನಿಯರ್ ಕಾರ್ಲ್ ಶಾರ್ಫೆನ್‌ಬರ್ಗ್ ರೂಪಿಸಿದ ಸ್ವಯಂಚಾಲಿತ ಕೊಂಡಿ. ಪ್ರತಿ ಕೊಂಡಿಯ ಮುಖದಲ್ಲೂ ಒಂದು ಉಬ್ಬು, ಒಂದು ಕುಳಿ. ನಿಂತ ರೈಲಿನ ಹತ್ತಿರ ಇನ್ನೊಂದು ನಿಧಾನವಾಗಿ ಬಂದು ತಾಗಿದರೆ ಉಬ್ಬು ಕುಳಿಯೊಳಗೆ ಕೂರುತ್ತದೆ; ಬ್ರೇಕಿನ ಗಾಳಿ ಕೊಳವೆ, ವಿದ್ಯುತ್ ಸಂಪರ್ಕಗಳೂ ಬೆಸೆದುಕೊಳ್ಳುತ್ತವೆ. ಹಳಿಗಿಳಿದು ಸರಪಳಿ ಬಿಗಿಯುವ ಅಪಾಯದ ಕೆಲಸವಿಲ್ಲ.

ಆದರೆ ಒಂದು ಭಾಗ ತಡವಾದರೆ ಇನ್ನೊಂದೂ ಕಾಯಬೇಕಾದೀತು. ಪ್ರಯಾಣಿಕರು ಸರಿಯಾದ ಬೋಗಿ ಹತ್ತಲು ಫಲಕ, ಘೋಷಣೆಗಳು ಸ್ಪಷ್ಟವಾಗಿರಬೇಕು. ಇದಕ್ಕೆಲ್ಲ ಶಿಸ್ತು ಬೇಕು. ಹೊಸ ಸುರಂಗ ಕೊರೆಯದೆ, ಇರುವ ಹಳಿಯಿಂದಲೇ ಹೆಚ್ಚು ಜನರಿಗೆ ನೇರ ಸೇವೆ ಕೊಡಲು ಸಾಧ್ಯವಾಗುವುದೇ ಆ ಶಿಸ್ತಿಗೆ ತಕ್ಕ ಪ್ರತಿಫಲ.